ದೇಸಿ ಮೀನು ಸಾಕಣೆ

ಹೊರಗಿನ ತಳಿಗಳ ಬದಲು ಆಯಾ ನದಿಯ ಮೂಲ ಮೀನುಗಳನ್ನೇ ಕೆರೆ, ಹೊಂಡಗಳಲ್ಲಿ ಬೆಳೆಸುವ ಪದ್ಧತಿ. ಉದಾಹರಣೆಗೆ, ಹನೂರು ತಾಲ್ಲೂಕಿನ ರಾಮಾಪುರ ಕಾವೇರಿ ಸೀಮೆಯ ಊರು. ಇಲ್ಲಿಗೆ ಕಾಟ್ಲಾ, ರೋಹು ಮೀನುಗಳು ಸಹ ಗಂಗೆಯ ಕಡೆಯಿಂದ ಬಂದ ನೆಂಟರೇ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಎಳೆಯ ಪ್ರಾಯದಲ್ಲೇ ಮೊಟ್ಟೆಯಿಡುತ್ತದೆ. ತಾಯಿ ಮರಿಗಳನ್ನು ಬಾಯೊಳಗಿಟ್ಟು ಕಾಯುತ್ತದೆ. ಹಾಗಾಗಿ ಕೆರೆಯೇನೋ ತುಂಬುತ್ತದೆ, ಮೀನು ಮಾತ್ರ ಅಂಗೈಯಗಲ ದಾಟುವುದಿಲ್ಲ. ಇಲ್ಲಿನದೇ ಆದ, ಗಾಳಿ ಉಸಿರಾಡಬಲ್ಲ ಕೊರವ ಮೀನಾದರೋ ನೀರು ಇಳಿದ ಹೊಂಡದಲ್ಲೂ ಬದುಕುತ್ತದೆ. ಸಂತೆಯಲ್ಲಿ ಜೀವಂತವಾಗಿಯೇ ಬಿಕರಿಯಾಗುತ್ತದೆ. ಆದರೆ ತನ್ನ ಕುಲದ ಮರಿಗಳನ್ನೇ ನುಂಗುವುದರಿಂದ ಗಾತ್ರ ನೋಡಿ ಬೇರ್ಪಡಿಸಬೇಕು.

ದೇಸಿ ಎಂದರೆ ದೇಶದ್ದು ಎಂದಷ್ಟೇ ತಿಳಿಯುವುದು ತಪ್ಪು. ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಮೀನು ಭಾರತದ್ದೇ, ಆದರೆ ಕಾವೇರಿಯದಲ್ಲ. ಅದು ಹೆಚ್ಚಿದಂತೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿದು, 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.