ನಕ್ಷೆ ಹೇಳದ ಅಪಾಯ: ಕಿಲ್ಲಾರಿ ಕಲಿಸಿದ ಪಾಠ



‘ನಮ್ಮ ಕಡೆ ಭೂಕಂಪ ಆಗೋದಿಲ್ಲ’ ಎಂಬ ಮಾತು ದಖ್ಖನದಲ್ಲಿ ಬಹಳ ಕಾಲ ನಡೆಯಿತು. ಕರಿಕಲ್ಲಿನ ನೆಲ ಗಟ್ಟಿ, ಅದು ಅಲುಗದು ಎಂದು ಜನ ನಂಬಿದ್ದರು. ಸರಕಾರಿ ನಕ್ಷೆಯೂ ಅದನ್ನೇ ಹೇಳುತ್ತಿತ್ತು. 1962ರಲ್ಲಿ ಭೂಕಂಪ ವಲಯಗಳ ಮಾನಕ ಬಂದಾಗ ದಖ್ಖನದ ಬಹುಭಾಗ ‘ಸೊನ್ನೆ’ ವಲಯಕ್ಕೆ ಸೇರಿತು. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ನೆಲ ನಡುಗಿತು. 1970ರಲ್ಲಿ ಸೊನ್ನೆ ವಲಯವನ್ನೇ ತೆಗೆದುಹಾಕಿ, ಕೊಯ್ನಾ ಭಾಗವನ್ನು 4ನೇ ವಲಯಕ್ಕೆ ಏರಿಸಿದರು. ಲಾತೂರ ಜಿಲ್ಲೆಯ ಕಿಲ್ಲಾರಿ ಮಾತ್ರ 1ನೇ ವಲಯದಲ್ಲೇ, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲೇ ಉಳಿಯಿತು.

1992ರಲ್ಲಿ ಕಿಲ್ಲಾರಿ ಸುತ್ತ ಸಣ್ಣ ಕಂಪನಗಳು ಮೇಲಿಂದ ಮೇಲೆ ಆದವು. ಆದರೂ ನಕ್ಷೆ ಬದಲಾಗಲಿಲ್ಲ, ಮನೆಗಳೂ ಬದಲಾಗಲಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು 6.2 ತೀವ್ರತೆಯ ಭೂಕಂಪವಾಯಿತು. ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳವು. ನಮ್ಮ ಅಕ್ಕಲಕೋಟೆ, ಆಳಂದಕ್ಕೆ ದೂರವಲ್ಲದ ಉಮರ್ಗಾ ಭಾಗದ ಹಳ್ಳಿಗಳೂ ನೆಲಕಚ್ಚಿದವು. ಸುಮಾರು 8,000 ಜನ ಸತ್ತರೆಂದು ಸರಕಾರಿ ಲೆಕ್ಕ. 10,000ದ ಹತ್ತಿರ ಎನ್ನುವವರೂ ಇದ್ದಾರೆ.

ಇಷ್ಟು ಸಾವು ಏಕೆ? ಅಪಾಯ ಅಳೆಯುವಾಗ ಮೂರು ಪ್ರಶ್ನೆ ಕೇಳಬೇಕು: ನೆಲ ಎಷ್ಟು ನಡುಗಬಹುದು? ಅಲ್ಲಿ ಯಾರು, ಯಾವ ಹೊತ್ತಿನಲ್ಲಿ ಇರುತ್ತಾರೆ? ಅವರ ಮೇಲಿರುವ ಸೂರು ಎಂಥದ್ದು? ನಕ್ಷೆ ಮೊದಲನೆಯದಕ್ಕಷ್ಟೇ ಉತ್ತರ ಕೊಡುತ್ತದೆ, ಅದನ್ನೂ ಅಲ್ಲಿ ತಪ್ಪಾಗಿ ಕೊಟ್ಟಿತ್ತು. ಉಳಿದ ಎರಡಕ್ಕೆ ಉತ್ತರ ಮನೆಗಳಲ್ಲೇ ಇತ್ತು. ಗುಂಡುಕಲ್ಲನ್ನು ಕೆಸರುಮಣ್ಣಲ್ಲಿ ಕೂರಿಸಿದ ದಪ್ಪ ಗೋಡೆಗಳು. ಒಳಸಾಲಿಗೂ ಹೊರಸಾಲಿಗೂ ನಡುವೆ ಹಿಡಿತವಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷ ವರ್ಷ ಮಣ್ಣು ಹಾಕಿದ್ದರಿಂದ ಅದರ ಭಾರ ಬೆಳೆದಿತ್ತು. ಬಿಸಿಲಿಗೆ ತಂಪು ಕೊಡುತ್ತಿದ್ದ ಆ ಮನೆಯೇ ನಿದ್ದೆಯಲ್ಲಿದ್ದವರ ಮೇಲೆ ಕುಸಿಯಿತು. ಎಷ್ಟೋ ಕಡೆ ಮರದ ಕಂಬ, ತೊಲೆ ನಿಂತೇ ಇದ್ದವು, ಗೋಡೆ ಬಿದ್ದಿತ್ತು.

ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ನಡೆಯಿತು. ತೀರ ಹಾಳಾದ ಸುಮಾರು 50 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಉಳಿದೆಡೆ ಮನೆಗಳನ್ನು ಗಟ್ಟಿ ಮಾಡುವ ಕೆಲಸವಾಯಿತು. 2002ರಲ್ಲಿ 1ನೇ ವಲಯವೂ ನಕ್ಷೆಯಿಂದ ಹೋಯಿತು, ಕಿಲ್ಲಾರಿ ಭಾಗ 3ನೇ ವಲಯವಾಯಿತು. ಎರಡು ಸಲವೂ ನಕ್ಷೆ ತಿದ್ದಿದ್ದು ಜನ ಸತ್ತ ಮೇಲೆಯೇ.

ಹಾಗಾಗಿ ನಕ್ಷೆಯೊಂದನ್ನೇ ನಂಬಿ ಕೂರುವುದು ಬೇಡ. ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಒಂದು ವಹಿ ಹಿಡಿದು ಓಣಿ ಓಣಿ ಸುತ್ತಬಹುದು. ಮಣ್ಣಿನ ಮಾಳಿಗೆ ಯಾವ ಮನೆಗಿದೆ, ಯಾವ ಗೋಡೆ ಉಬ್ಬಿದೆ, ರಾತ್ರಿ ಆ ಗೋಡೆಯ ಪಕ್ಕ ಯಾವ ಅಜ್ಜಿ, ಯಾವ ಮಗು ಮಲಗುತ್ತದೆ ಎಂದು ಬರೆದಿಟ್ಟುಕೊಳ್ಳೋಣ. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸುವುದು, ಗೋಡೆಯ ಎರಡೂ ಸಾಲನ್ನು ಹಿಡಿಯುವ ಉದ್ದ ಕಲ್ಲು ಕೂರಿಸುವುದು, ಬಾಗಿಲ ಮೇಲ್ಮಟ್ಟಕ್ಕೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸುವುದು, ಇವು ತಿಳಿದ ಇಂಜಿನಿಯರನ್ನು ಕೇಳಿ ಮಾಡಿಸಬಹುದಾದ ಕೆಲಸಗಳು. ಅಲ್ಲಿಯವರೆಗೆ ಅಜ್ಜಿಯ ಹಾಸಿಗೆಯನ್ನು ಆ ಗೋಡೆಯಿಂದ ದೂರ ಸರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.