ವೀರಗಲ್ಲಿನ ಕತ್ತಿ, ಕುಲುಮೆಯ ಕತ್ತಿ

ಬಂದಳಿಕೆ, ಬಳ್ಳಿಗಾವಿ, ಸೊರಬ ಸೀಮೆಯ ವೀರಗಲ್ಲುಗಳ ಮುಂದೆ ನಿಂತವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ: ಅಪ್ಸರೆಯರು ವೀರನನ್ನು ಕರೆದೊಯ್ಯುವ ಪಟ್ಟಿಕೆ, ಅದರ ಮೇಲೆ ಶಿವಲಿಂಗದ ಸನ್ನಿಧಿ. ನನ್ನ ಕಣ್ಣು ಮಾತ್ರ ಕೆಳಗಿನ ಕಾಳಗದಲ್ಲೇ ನಿಲ್ಲುತ್ತದೆ. ತುರುಗಳು, ಬಿಲ್ಲು, ಗುರಾಣಿ, ಎತ್ತಿದ ಕೈಯಲ್ಲೊಂದು ಕತ್ತಿ.

ಬಂದಳಿಕೆ ನಾಗರಖಂಡ 70ರ ಮುಖ್ಯ ಊರು. ಗಂಡ ಸತ್ತ ಮೇಲೆ ಈ ನಾಡಿನ ಗಾವುಂಡಿಕೆ ನಡೆಸಿದ ಜಕ್ಕಿಯಬ್ಬೆ, 10ನೇ ಶತಮಾನದ ಆರಂಭದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದು ಇಲ್ಲಿಯ ಬಸದಿಯಲ್ಲಿ. ಇಂಥ ಹೆಸರುಗಳು ಶಾಸನಗಳಿಂದ ಉಳಿದವು. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಪ್ರಕಟಿಸಿದರು. ಸತ್ತವನ ಹೆಸರು ಅಲ್ಲಿದೆ, ಆಳುವ ಅರಸನದ್ದಿದೆ, ಒಮ್ಮೊಮ್ಮೆ ಕಲ್ಲು ಕೊರೆದ ರೂವಾರಿಯದ್ದೂ ಇದೆ. ಕತ್ತಿ ಬಡಿದ ಕಮ್ಮಾರನ ಹೆಸರು ನಾನು ಓದಿದ ಒಂದು ವೀರಗಲ್ಲಿನಲ್ಲೂ ಇಲ್ಲ.

ಕತ್ತಿಗಳೂ ಉಳಿಯುವಂಥವಲ್ಲ. ಮಲೆನಾಡಿನ ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ; ಮುರಿದದ್ದು ಮತ್ತೆ ಬೆಂಕಿಗೆ ಬಿದ್ದು ಕುಡುಗೋಲಾಗುತ್ತದೆ. ಹಾಗಾಗಿ ಪ್ರಬಂಧದಲ್ಲಿ ಆಯುಧಗಳ ಅಧ್ಯಾಯ ಬರೆಯಬೇಕಾದ ನಾನು ಶಿಕಾರಿಪುರದ ಕಡೆಯ ಒಂದು ಕುಲುಮೆಯಲ್ಲಿ ಕತ್ತಿ ಮಾಡಲು ಕಲಿಯುತ್ತಿದ್ದೇನೆ.

ಆಚಾರ್ರು ಮೊದಲ ವಾರ ಸುತ್ತಿಗೆಯನ್ನೇ ಕೊಡಲಿಲ್ಲ. ಇದ್ದಲು ಒಟ್ಟುವುದು, ಗಾಳಿ ಹಾಕುವುದು, ಬಣ್ಣ ನೋಡುವುದು. ಕುಲುಮೆಯೊಳಗೆ ಕತ್ತಲೆ ಯಾಕೆಂದು ಆಗ ತಿಳಿಯಿತು: ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ. ಈಗಿನ ಕತ್ತಿಗೆ ಕಚ್ಚಾ ಮಾಲು ಹಳೆಯ ಲಾರಿಯ ಕಮಾನು ಪಟ್ಟಿ. ಅದನ್ನು ಕಾಯಿಸಿ, ಬಡಿದು, ಮೊನೆ ಎಳೆದು, ಹಿಡಿಯೊಳಗೆ ಸೇರಬೇಕಾದ ಬಾಲವನ್ನು ಸಣ್ಣಗೆ ತೆಗೆದು, ಅರದಿಂದ ಉಜ್ಜಬೇಕು. ಇಷ್ಟೂ ಆಕಾರದ ಕೆಲಸ. ಆಮೇಲೆ ಬರುವುದು ಹದ. ಅಲಗನ್ನು ಕೆಂಪಗೆ ಕಾಯಿಸಿ ಬಾಯಿಯ ಭಾಗವನ್ನಷ್ಟೇ ನೀರಿಗೆ ಇಳಿಸುತ್ತಾರೆ. ಬಾಯಿ ಗಡುಸಾಗುತ್ತದೆ, ಬೆನ್ನು ಮೆತ್ತಗುಳಿಯುತ್ತದೆ. ಪೂರ್ತಿ ಮುಳುಗಿಸಿದರೆ? "ಚೆನ್ನಾಗೇ ಕೊಯ್ಯುತ್ತೆ ಕಣ್ರೀ, ಒಂದಿನ ಪಟ್ಟಂತ ಮುರಿಯುತ್ತೆ" ಎಂದರು.

ರೂವಾರಿ ಕಂಡದ್ದು ಆಕಾರವನ್ನು. ಬಾಗು, ಉದ್ದ, ಹಿಡಿಯ ಗುಬ್ಬಿ ಎಲ್ಲವನ್ನೂ ಕಲ್ಲಿಗೆ ತಂದ. ಹದವನ್ನು ತರಲು ಆತನಿಗೂ ಸಾಧ್ಯವಿರಲಿಲ್ಲ. ವೀರಗಲ್ಲಿನ ಕತ್ತಿಗಳನ್ನು ಉದ್ದ, ಬಾಗುಗಳ ಮೇಲೆ ವಿಂಗಡಿಸಿ ಮುಗಿಸುವ ನಮ್ಮ ರೂಢಿ ನನಗೀಗ ಅರ್ಧ ಕೆಲಸವೆನಿಸುತ್ತದೆ.

ಹದದ ಈ ವಿದ್ಯೆ ಬೇರೆ ದಾರಿಯಲ್ಲಿ ಲೋಕಕ್ಕೆ ತಿಳಿಯಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ 'ವೂಟ್ಜ್' ಎಂಬ ಲೋಹದ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದ ಹುಟ್ಟಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಮೈಸೂರು ಸೀಮೆಯಲ್ಲಿ ಸುತ್ತಿದ ಬುಕನನ್ 1807ರ ತನ್ನ ಪುಸ್ತಕದಲ್ಲಿ, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಉಕ್ಕು ಮಾಡುವುದನ್ನು ವಿವರಿಸಿದ್ದಾನೆ. ಕಡ್ಡಿ ಸುಟ್ಟು ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. ಲಾರಿಯ ಪಟ್ಟಿಯಲ್ಲಿ ಆ ಇಂಗಾಲ ಮೊದಲೇ ಇದೆ, ಸುಮಾರು ಶೇ. 0.6.

ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಆಚಾರ್ರಿಗೆ ಮೆಟ್ಟುಗತ್ತಿಯ ಕೆಲಸ ಕಡಿಮೆ. ಮಗ ಬೆಂಗಳೂರಿನಲ್ಲಿದ್ದಾನೆ. ಆದರೂ ಪ್ರತಿ ಅಲಗಿನ ಬುಡದಲ್ಲಿ ಉಳಿಯಿಂದ ಮೂರು ಚುಕ್ಕೆ ಒತ್ತುತ್ತಾರೆ. ರಿಪೇರಿಗೆ ಬಂದ ಕತ್ತಿ ತಮ್ಮದೋ, ಬೇರೆಯವರದ್ದೋ ಎಂದು ಗೊತ್ತಾಗಬೇಕಲ್ಲ. ಹಿಡಿ ಹಾಕಿದ ಮೇಲೆ ಆ ಚುಕ್ಕೆಗಳು ಮರದೊಳಗೆ ಮುಚ್ಚಿಹೋಗುತ್ತವೆ.