ಮರಳಿ ಬರಬೇಕೆಂಬ ಕರಾರು

ಸ್ಟ್ಯಾನ್‌ಫರ್ಡ್‌ನಲ್ಲಿ ಎಂ.ಬಿ.ಎ. ಓದುತ್ತಿದ್ದ ಮುಖೇಶ್ ಅಂಬಾನಿಯವರನ್ನು 1980ರಲ್ಲಿ ತಂದೆ ಧೀರೂಭಾಯಿ ಊರಿಗೆ ಕರೆಸಿಕೊಂಡರು. ಪಾತಾಳಗಂಗಾದಲ್ಲಿ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಏಳಬೇಕಿತ್ತು. ಪದವಿ ಅರ್ಧಕ್ಕೇ ನಿಂತಿತು. ಈ ಹಳೆಯ ವಿದ್ಯಾರ್ಥಿಯ ರಿಲಯನ್ಸ್ ಸಂಸ್ಥೆ 2008ರಲ್ಲಿ ಅದೇ ಶಾಲೆಯಲ್ಲಿ ತಂದೆಯ ಹೆಸರಿನ ವಿದ್ಯಾರ್ಥಿವೇತನ ಸ್ಥಾಪಿಸಿತು. ಭಾರತದಲ್ಲೇ ನೆಲೆಸಿದ, ಹಣದ ಅನುಕೂಲವಿಲ್ಲದವರಿಗೆ ಶುಲ್ಕದ ಸುಮಾರು ಶೇಕಡಾ 80 ಭಾಗ. ಆದರೆ ಓದು ಮುಗಿದು 2 ವರ್ಷದೊಳಗೆ ಸ್ವದೇಶಕ್ಕೆ ಮರಳಿ, ಕನಿಷ್ಠ 2 ವರ್ಷ ಅಲ್ಲಿ ದುಡಿಯಬೇಕೆಂಬುದು ಕರಾರು. ಓದು ಬಿಟ್ಟು ಮರಳಿದವರಿಗೆ ಹೀಗೆ ಕೇಳುವ ಹಕ್ಕಿದೆ ಎನ್ನೋಣ.

ಸರ್ಕಾರಿ ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಗೆಂದು ವಿಮಾನ ಹತ್ತಿದ ನಮ್ಮಿಂದ ಯಾರೂ ಇಂಥ ಕಾಗದಕ್ಕೆ ರುಜು ಹಾಕಿಸಿಕೊಳ್ಳಲಿಲ್ಲ. ಈಗ ಹಳೆಯ ಕಾಲೇಜಿಗೆ ಚೆಕ್ಕು ಕಳಿಸುವಾಗ ನಾವೂ ಕರಾರು ಬರೆಯುವುದಿಲ್ಲ. ಯಾವ ಮುಖದಿಂದ ಬರೆಯೋಣ?